100 ವ್ಯಾಟ್ ಕಾರ್ ಚಾರ್ಜರ್ ನಿಮಗೆ ಬೇಕಾಗಿಲ್ಲ

ಮ್ಯಾಪ್ ಹಾಕಿದರೆ ಕಾರಿನಲ್ಲಿ ಫೋನ್ ಚಾರ್ಜ್ ಏರುವುದೇ ಇಲ್ಲ, ಐದು ಪೋರ್ಟಿನ 100 ವ್ಯಾಟ್ ಚಾರ್ಜರ್ ತಗೊಳ್ಳಲಾ ಅಂತ ಕೇಳಿದ್ದೀರಿ. ಬೇಡ. ಡಬ್ಬದ ಮೇಲಿನ ದೊಡ್ಡ ನಂಬರ್ ನೋಡಿ ನಾನೂ ಒಮ್ಮೆ ತಗೊಂಡಿದ್ದೆ.

ನಾಲ್ಕು ವರ್ಷದ ಹಿಂದಿನ ಜುಲೈ. ಬೆಂಗಳೂರಿನಿಂದ ಉಪ್ಪಿನಂಗಡಿ ಕಡೆಗೆ, ನನ್ನ ಹೆಂಡತಿಯ ಚಿಕ್ಕಪ್ಪನ ಮನೆಗೆ ಹೊರಟಿದ್ದೆವು. ಜೊತೆಗೆ ಎಂಟು ತಿಂಗಳ ಮಗು. ನನಗೆ ಆ ದಾರಿ ಹೊಸದು, ಪೂರ್ತಿ ಮ್ಯಾಪ್ ನಂಬಿಕೊಂಡೇ ಹೋಗಿದ್ದು. ಹಿಂದಿನ ದಿನ 250 ರೂಪಾಯಿಗೆ ಒಂದು ಚಾರ್ಜರ್ ತಗೊಂಡಿದ್ದೆ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ 3.1 ಆಂಪ್. ಸಕಲೇಶಪುರದಲ್ಲಿ ಫೋನ್ 38 ಪರ್ಸೆಂಟ್ ಇತ್ತು. ಶಿರಾಡಿ ಘಾಟಿಯಲ್ಲಿ ಜೋರು ಮಳೆ, ಲಾರಿಗಳ ಸಾಲು, ಸಿಗ್ನಲ್ ಬಂದು ಬಂದು ಹೋಗುತ್ತಿತ್ತು. ಗುಂಡ್ಯ ದಾಟುವಾಗ 9. ಚಾರ್ಜಿಂಗ್ ಗುರುತು ಮಾತ್ರ ಇದ್ದೇ ಇತ್ತು, ಅದಕ್ಕೇ ನಾನು ಏರುತ್ತೆ ಏರುತ್ತೆ ಅಂತ ಸುಮ್ಮನಿದ್ದೆ. ನೆಲ್ಯಾಡಿ ದಾಟಿ, ಕತ್ತಲಲ್ಲಿ ಯಾವುದೋ ಒಳರಸ್ತೆಗೆ ತಿರುಗಿದ ಮೇಲೆ ಫೋನ್ ಆಫ್ ಆಯಿತು. ಹೆಂಡತಿಯ ಸಿಮ್‌ಗೆ ಅಲ್ಲಿ ನೆಟ್‌ವರ್ಕ್ ಇಲ್ಲ. ಮಗು ಅಳು. ಕೊನೆಗೆ ಒಂದು ದಿನಸಿ ಅಂಗಡಿಯವರು ತಮ್ಮ ಫೋನ್ ಕೊಟ್ಟರು, ಚಿಕ್ಕಪ್ಪ ಆ ಮಳೆಯಲ್ಲೇ ಸ್ಕೂಟರಿನಲ್ಲಿ ಬಂದು ಕರೆದುಕೊಂಡು ಹೋದರು. ಅವರಿಗೆ ಆಗ 68 ವರ್ಷ. ಅವರು ತೊಪ್ಪೆಯಾಗಿ ನಿಂತಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ತಪ್ಪಾಗಿದ್ದು ಎಲ್ಲಿ ಅಂತ ಮಾರನೇ ದಿನ ಬೆಳಕಲ್ಲಿ ನೋಡಿದೆ. ಒಂದು ಪೋರ್ಟಿನ ಪಕ್ಕ ಸಣ್ಣದಾಗಿ 1 ಆಂಪ್, ಇನ್ನೊಂದರ ಪಕ್ಕ 2.1 ಆಂಪ್ ಅಂತ ಇತ್ತು. ಎರಡನ್ನೂ ಕೂಡಿಸಿ 3.1! ನನ್ನ ಫೋನ್ ಇದ್ದದ್ದು 1 ಆಂಪ್ ಪೋರ್ಟಿನಲ್ಲಿ. ವೋಲ್ಟನ್ನು ಆಂಪಿನಿಂದ ಗುಣಿಸಿದರೆ ಸಿಗುವುದು ವ್ಯಾಟ್. 5 ವೋಲ್ಟ್, 1 ಆಂಪ್ ಅಂದರೆ 5 ವ್ಯಾಟ್, ಅಷ್ಟೇ. ತೆಳ್ಳಗಿನ ಕೇಬಲ್‌ನಲ್ಲಿ ಅದರಲ್ಲೂ ಸ್ವಲ್ಪ ಹೋಗುತ್ತೆ. ಈ ಕಡೆ ಸ್ಕ್ರೀನ್ ಪೂರ್ತಿ ಬ್ರೈಟ್, ಜಿಪಿಎಸ್, ಡೇಟಾ, ಮೇಲಿಂದ ಫೋನ್ ಸಿಗ್ನಲ್ ಹುಡುಕಾಡುತ್ತಾ ಇನ್ನೂ ಜಾಸ್ತಿ ಎಳೆಯುತ್ತಿತ್ತು. ಒಳಗೆ ಬಂದದ್ದಕ್ಕಿಂತ ಖರ್ಚೇ ಹೆಚ್ಚು. ಚಾರ್ಜಿಂಗ್ ಗುರುತು ಬಂದರೆ ಕರೆಂಟ್ ಬರುತ್ತಿದೆ ಅಂತ ಅಷ್ಟೇ ಅರ್ಥ, ಸಾಕಷ್ಟು ಬರುತ್ತಿದೆ ಅಂತ ಅಲ್ಲ. ಬೇರೇನೂ ಬೇಡ, ವೈರ್ ಕಿತ್ತು ಪಕ್ಕದ ಪೋರ್ಟಿಗೆ ಹಾಕಿದ್ದರೂ ಬಹುಶಃ ಮನೆ ಮುಟ್ಟುತ್ತಿದ್ದೆವು. ನಾನು ಆ ಸಣ್ಣ ಅಕ್ಷರ ಓದಲೇ ಇಲ್ಲ.

ನಿಮ್ಮ 100 ವ್ಯಾಟ್ ಕೂಡ ಐದೂ ಪೋರ್ಟ್ ಸೇರಿಸಿ ಹೇಳಿದ್ದೇ ಇರಬಹುದು. ಎಷ್ಟೋ ಕಾರುಗಳ ಸಾಕೆಟ್ಟೇ 12 ವೋಲ್ಟ್, 10 ಆಂಪ್, ಅಂದರೆ ಒಟ್ಟು 120 ವ್ಯಾಟ್, 100 ಅಂದರೆ ಹೆಚ್ಚುಕಡಿಮೆ ಅದರ ಮಿತಿಯೇ. ಲ್ಯಾಪ್‌ಟಾಪ್ ಹಾಕುವವರಿಗಾದರೆ ಸರಿ, ಒಂದು ಫೋನಿಗೆ ಅಷ್ಟು ಯಾಕೆ? ಟೈಪ್-ಸಿ ಪೋರ್ಟ್ ಇರುವ, ಪಿಡಿ (ಪವರ್ ಡೆಲಿವರಿ, ಬೇಗ ಚಾರ್ಜ್ ಮಾಡುವ ಒಂದು ವಿಧಾನ) ಅಂತ ಬರೆದಿರುವ 20ರಿಂದ 30 ವ್ಯಾಟಿನದು ತಗೊಳ್ಳಿ. ಹಿಂದೆ ಔಟ್‌ಪುಟ್ ಅಂತ ಇರುವ ಸಾಲು ಓದಿ. 9 ವೋಲ್ಟ್, 2.22 ಆಂಪ್ ಅಂತ ಇದ್ದರೆ ಅದು 20 ವ್ಯಾಟ್. ಒಂದೊಂದು ಪೋರ್ಟಿಗೂ ಬೇರೆ ಬೇರೆ ಬರೆದಿಲ್ಲ ಅಂದರೆ ಆ ಚಾರ್ಜರ್ ಬೇಡವೇ ಬೇಡ. ಫೋನ್ ಜೊತೆ ಬಂದ ಅಡಾಪ್ಟರಿನ ಮೇಲೂ ಇಂಥದೇ ಸಾಲು ಇರುತ್ತೆ, ಹೋಲಿಸಿ ನೋಡಿ. ಕೆಲವು ಕಂಪನಿ ಫೋನುಗಳು ತಮ್ಮದೇ ಚಾರ್ಜರಿಗೆ ಮಾತ್ರ ಪೂರ್ತಿ ವೇಗ ಕೊಡುತ್ತವೆ, ಪರವಾಗಿಲ್ಲ, ಮ್ಯಾಪ್ ಓಡಿಸಲು ಅಷ್ಟು ವೇಗ ಬೇಕಾಗಿಲ್ಲ. ಉಳಿದ ದುಡ್ಡಿಗೆ ಒಂದು ಮೀಟರಿನ ದಪ್ಪ ಕೇಬಲ್ ತಗೊಳ್ಳಿ.

ತಗೊಂಡ ದಿನವೇ ಮ್ಯಾಪ್ ಹಾಕಿ, ಸ್ಕ್ರೀನ್ ಬ್ರೈಟ್ ಮಾಡಿ, ಊರೊಳಗೇ ಅರ್ಧ ಗಂಟೆ ಓಡಿಸಿ. ಪರ್ಸೆಂಟ್ ಏರಲಿಲ್ಲ ಅಂದರೆ ಅಂಗಡಿ ಮುಚ್ಚುವ ಮೊದಲೇ ವಾಪಸ್ ಕೊಟ್ಟುಬಿಡಿ.