ಮುಖ ಸ್ಪಷ್ಟ, ಹಿನ್ನೆಲೆ ಮಸುಕು

ಪ್ರಶ್ನೆ: ನನ್ನ ಹಳೆಯ 6×9 (ಸೆಂ.ಮೀ. ಚಿತ್ರದ) ಮಡಚುವ ಬೆಲ್ಲೋಸ್ (ಹಾರ್ಮೋನಿಯಂ ತಿದಿಯಂಥ ಮಡಿಕೆ) ಕ್ಯಾಮೆರಾಕ್ಕೆ 105 ಮಿ.ಮೀ., ಎಫ್/4.5 ಲೆನ್ಸ್ ಇದೆ. ಹಿನ್ನೆಲೆ ಚೆನ್ನಾಗಿ ಮಸುಕಾಗುತ್ತದೆ, ಆದರೆ ಮುಖವೂ ಸ್ಪಷ್ಟವಾಗಿ ಬರುವುದಿಲ್ಲ. ಏಕೆ?

ಉತ್ತರ: ಅಪರ್ಚರ್ (ಲೆನ್ಸ್‌ನಲ್ಲಿ ಬೆಳಕು ಬರುವ ಕಂಡಿ) ಪೂರ್ತಿ, ಅಂದರೆ ಎಫ್/4.5ಕ್ಕೆ, ತೆರೆದು 1.5 ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಮೂಡುವ ಆಳ ಒಂದು ಗೇಣಿಗೂ ಕಡಿಮೆ. ಕಣ್ಣಂದಾಜು ಸಾಲದು, ಫಿಲ್ಮ್ ಇರುವ ಜಾಗದಿಂದ ಎದುರಿನವರ ಕಣ್ಣಿನವರೆಗೆ ಟೇಪ್ ಹಿಡಿದು ಅಳೆದು, ಆ ದೂರವನ್ನೇ ಲೆನ್ಸ್‌ನಲ್ಲಿ ಹೊಂದಿಸಿ.

ಅಳತೆ ಸರಿಯಿದ್ದೂ ತಪ್ಪಿದರೆ ಬೆಲ್ಲೋಸ್ ಬಿಚ್ಚುವ ರೀತಿಯನ್ನು ಗಮನಿಸಿ. ಸರಕ್ಕನೆ ಬಿಚ್ಚಿದರೆ ಗಾಳಿಯ ಸೆಳೆತಕ್ಕೆ ಫಿಲ್ಮ್ ಮುಂದಕ್ಕೆ ಉಬ್ಬುತ್ತದೆ. ನಿಧಾನವಾಗಿ ಬಿಚ್ಚಿ, ಆಮೇಲೆಯೇ ಫಿಲ್ಮ್ ಸುತ್ತಿ. ಸುತ್ತುವಾಗ ಅದು ಮತ್ತೆ ಬಿಗಿಯಾಗುತ್ತದೆ. ಬಹಳ ಜನ ಇದನ್ನೇ ತಿರುಗುಮುರುಗು ಮಾಡುತ್ತಾರೆ. ಚಿತ್ರದ ಒಂದು ಬದಿ ಮಾತ್ರ ಮಸುಕಾದರೆ ಲೆನ್ಸ್ ಹಿಡಿದ ಚೌಕಟ್ಟು ಓರೆಯಾಗಿರಬಹುದು.

ಬಿಸಿಲಲ್ಲಿ 100 ಐಎಸ್‌ಒ (ಬೆಳಕಿಗೆ ಸ್ಪಂದಿಸುವ ವೇಗ) ಫಿಲ್ಮ್‌ಗೆ ಎಫ್/4.5ರಲ್ಲಿ 1/250 ಸೆಕೆಂಡಿನ ಶಟರ್ ಕೂಡ ನಿಧಾನವೇ, ಬೆಳಕು ಅತಿಯಾಗುತ್ತದೆ. ಎನ್‌ಡಿ8 ಫಿಲ್ಟರ್ (ಬೆಳಕನ್ನು ಎಂಟನೇ ಒಂದು ಭಾಗಕ್ಕೆ ಇಳಿಸುವ ಕಪ್ಪು ಗಾಜು) ಹಾಕಿ, ಇಲ್ಲವೇ ನೆರಳಲ್ಲಿ ತೆಗೆಯಿರಿ.