ಈ ಮಾಡೆಲ್‌ಗೆ ಅದು ಮಾಮೂಲು ಸಾರ್

ಶಿವಮೊಗ್ಗದ ನಿವೃತ್ತ ಉಪನ್ಯಾಸಕರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಹ್ಯೂಸ್ಟನ್‌ನಲ್ಲಿರುವ ಅವರ ಮಗ ಕಳೆದ ವರ್ಷ ಒಂದು ಸೆಕೆಂಡ್ ಹ್ಯಾಂಡ್ ಮರ್ಸಿಡಿಸ್ ಎಂಎಲ್ ಕೊಂಡರಂತೆ. 2011ರ ಮಾಡೆಲ್. ಅಪ್ಪ ಅಮ್ಮ ಹೋದಾಗ ಅದರಲ್ಲೇ ಊರೆಲ್ಲ ಸುತ್ತಿಸಿದರು. ಒಂದು ಮಧ್ಯಾಹ್ನ ಹೊತ್ತು ಹೋಗದೆ ಇವರು ಗಾಡಿಯ ಶಾಸಿ ನಂಬರನ್ನು ಅಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆಯ ಪಟ್ಟಿಯಲ್ಲಿ ಹಾಕಿ ನೋಡಿದ್ದಾರೆ. ಬ್ರೇಕಿನ ರೀಕಾಲ್, ಅಂದರೆ ದೋಷ ಸರಿಪಡಿಸಲು ಕಂಪನಿಯೇ ಗಾಡಿಯನ್ನು ವಾಪಸು ಕರೆದದ್ದು, ಇನ್ನೂ ಬಾಕಿ ಇದೆ ಎಂದು ಬಂತು. ಜೊತೆಗೆ ಅದೇ ಮಾಡೆಲ್ ಬಗ್ಗೆ ಜನ ಬರೆದ ದೂರುಗಳ ಸಾಲು.

ಪತ್ರದ ಮುಖ್ಯ ಭಾಗ ಇದು: “ಇಷ್ಟು ದೊಡ್ಡ ಹೆಸರಿನ ಗಾಡಿಗೆ ಇಷ್ಟೊಂದು ದೂರೇ? ನಮ್ಮ ತಂದೆ ಅಂಬಾಸಿಡರನ್ನು 22 ವರ್ಷ ಓಡಿಸಿದರು. ಒಮ್ಮೆಯೂ ರೀಕಾಲ್ ಎಂಬ ಮಾತು ಕೇಳಲಿಲ್ಲ. ಅಮೆರಿಕದವರಿಗೆ ದೂರು ಹೇಳುವುದೇ ಒಂದು ಕಸುಬು ಅನ್ನಿಸುತ್ತದೆ. ಗಾಡಿ ಮಾರಿಬಿಡು ಎಂದು ಮಗನಿಗೆ ಹೇಳಲೇ?”

ಸಂಪಾದಕರ ಉತ್ತರ

ಮಾನ್ಯರೇ, ಈ ಉತ್ತರ ಆಮೇಲೆ ಓದಿ. ಮೊದಲು ಮಗನಿಗೆ ಫೋನ್ ಮಾಡಿ. ಗಾಡಿ ಎಲ್ಲಿದೆಯೋ ಅಲ್ಲೇ ಇರಲಿ, ಕೀಲಿಯನ್ನು ತೆಗೆದು ಒಳಗಿಡಲಿ.

ಫೋನ್ ಮುಗಿಯಿತೇ? ಸರಿ, ಈಗ ಮಾತಾಡೋಣ.

ಆ ರೀಕಾಲ್ 2022ರ ಮೇ ತಿಂಗಳಿನದು. ಅಮೆರಿಕ ಒಂದರಲ್ಲೇ 2,92,287 ಗಾಡಿಗಳು. 2006ರಿಂದ 2012ರವರೆಗಿನ ಎಂಎಲ್, ಜಿಎಲ್ ಮತ್ತು ಆರ್ ಕ್ಲಾಸ್. ಲೋಕದ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಹತ್ತು ಲಕ್ಷ. ‘ಬಿಡುವಾದಾಗ ತಂದು ತೋರಿಸಿ’ ಎನ್ನುವ ಜಾತಿಯ ರೀಕಾಲ್ ಅಲ್ಲ ಇದು. ಓಡಿಸುವುದನ್ನು ಈಗಲೇ ನಿಲ್ಲಿಸಿ, ಎಳೆದು ತರುವ ಖರ್ಚೂ ನಮ್ಮದೇ ಎಂದು ಕಂಪನಿಯೇ ಹೇಳಿತು.

ಕಾರಣ ಏನು ಗೊತ್ತಾ? ತುಕ್ಕು. ಬಾನೆಟ್ ಎತ್ತಿದರೆ ಡ್ರೈವರ್ ಎದುರಿಗೆ ಒಂದು ದುಂಡನೆಯ ಡಬ್ಬಿ ಇರುತ್ತದಲ್ಲ, ಅದು ಬ್ರೇಕ್ ಬೂಸ್ಟರ್. ನಮ್ಮ ಕಾಲಿನ ಸಣ್ಣ ಒತ್ತನ್ನು ದೊಡ್ಡದು ಮಾಡುವುದು ಅದರ ಕೆಲಸ. ಈ ಗಾಡಿಗಳಲ್ಲಿ ಆ ಡಬ್ಬಿಗೆ ಒಂದು ರಬ್ಬರ್ ತೋಳು ತೊಡಿಸಿದ್ದರು. ಆ ರಬ್ಬರಿನ ಅಡಿ ನೀರು ಸೇರಿಕೊಂಡಿತು. ವರ್ಷಗಟ್ಟಲೆ ಕೂತು ಕಬ್ಬಿಣ ತಿಂದಿತು. ತೂತಾದರೆ ಗಾಳಿ ಸೋರಿ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ತೀರಾ ಹಾಳಾಗಿದ್ದರೆ, ಎಮ್ಮೆ ಅಡ್ಡ ಬಂತು ಎಂದು ನೀವು ಜೋರಾಗಿ ಒತ್ತಿದಾಗಲೇ ಒಳಗೆ ಮುರಿದು ಪೆಡಲ್ಲಿಗೂ ಬ್ರೇಕಿಗೂ ನಂಟೇ ಕಡಿದುಹೋಗಬಹುದು. ನೀವು ಮಲೆನಾಡಿನವರು, ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಟಾರ್ಪಾಲು ಹೊದಿಸಿಟ್ಟ ಕಬ್ಬಿಣವೇ ಮೊದಲು ತುಕ್ಕು ಹಿಡಿಯುವುದು, ಅಲ್ವಾ?

ಈಗ ನಿಮ್ಮ ಅಂಬಾಸಿಡರ್‌ಗೆ ಬರುತ್ತೇನೆ. ಈ ಪತ್ರವನ್ನು ಆರಿಸಿದ್ದೇ ಆ ಒಂದು ವಾಕ್ಯಕ್ಕೆ.

ನಿಮ್ಮ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಆ ದೂರಿನ ಪಟ್ಟಿಯಲ್ಲಿ ಜೊಳ್ಳೂ ಇರುತ್ತದೆ. ಅಲ್ಲಿ ಯಾರು ಬೇಕಾದರೂ ಬರೆಯಬಹುದು, ಬರೆದದ್ದೆಲ್ಲ ರುಜುವಾತಾಗಿರುವುದಿಲ್ಲ. ಆಯಿಲ್ ಬದಲಿಸದೆ ಎಂಜಿನ್ ಕೆಡಿಸಿಕೊಂಡವನೂ ಕಂಪನಿಯನ್ನೇ ಬಯ್ಯುತ್ತಾನೆ. ಒಪ್ಪಿದೆ.

ಆದರೆ ‘ರೀಕಾಲ್ ಎಂಬ ಮಾತೇ ಕೇಳಲಿಲ್ಲ’ ಎಂದು ಹೆಮ್ಮೆಪಡುವುದಿದೆಯಲ್ಲ, ಅದಕ್ಕೆ ನನ್ನದೊಂದು ಕಥೆ ಕೇಳಿ. ತೊಂಬತ್ತರ ದಶಕದಲ್ಲಿ ನಾನೂ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದೆ. ಯಾವ ಕಂಪನಿಯದು ಎಂದು ಕೇಳಬೇಡಿ. ಎಡಕ್ಕೆ ಜೋರಾಗಿ ತಿರುಗಿಸಿದರೆ ಹಿಂದಿನ ಬಲಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು. ಒಂದು ಸಲ ಅತ್ತೆಯವರ ಹೂವಿನ ಬುಟ್ಟಿ ಉರುಳಿ ರಸ್ತೆಗೆ ಹೋಯಿತು. ಪುಣ್ಯಕ್ಕೆ ಅತ್ತೆ ಈ ಕಡೆ ಕೂತಿದ್ದರು. ಮೆಕ್ಯಾನಿಕ್ ಹತ್ತಿರ ಒಯ್ದೆ. ಬಾಗಿಲನ್ನು ಎರಡು ಸಲ ಹಾಕಿ ತೆಗೆದು, ಬಾಯಲ್ಲಿದ್ದ ಬೀಡಿಯನ್ನೂ ತೆಗೆಯದೆ, “ಈ ಮಾಡೆಲ್‌ಗೆ ಅದು ಮಾಮೂಲು ಸಾರ್” ಅಂದ. ಎರಡು ಗಜ ನೈಲಾನ್ ಹಗ್ಗ ತಂದು, ಆ ಬಾಗಿಲ ಹಿಡಿಯಿಂದ ಈ ಬಾಗಿಲ ಹಿಡಿಗೆ ಕಟ್ಟಿಕೊಟ್ಟ. ಐದು ರೂಪಾಯಿ.

ಮುಂದಿನ ತಿಂಗಳು ಒಂದು ಮದುವೆಗೆ ಹೋದೆ. ಛತ್ರದ ಮುಂದೆ ನಮ್ಮದೇ ಮಾಡೆಲ್‌ನ ಇನ್ನೂ ಮೂರು ಕಾರು ನಿಂತಿದ್ದವು. ಸುಮ್ನೆ ಕುತೂಹಲಕ್ಕೆ ಕಿಟಕಿಯಲ್ಲಿ ಇಣುಕಿದೆ. ಎರಡರಲ್ಲಿ ಹಗ್ಗ ಇತ್ತು. ಒಂದರಲ್ಲಿ ನೀಲಿ ನೈಲಾನು, ಇನ್ನೊಂದರಲ್ಲಿ ಯಾರದೋ ಹಳೇ ಪಂಚೆಯ ಅಂಚು.

ಒಂದೇ ಊರಿನಲ್ಲಿ ಮೂರು ಹಗ್ಗ. ನಾಡಿನಲ್ಲಿ ಎಷ್ಟಿದ್ದವೋ! ಮೆಕ್ಯಾನಿಕ್‌ಗೆ ಗೊತ್ತಿತ್ತು, ಮಾಲೀಕರಿಗೆ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ಕಾರು ಮಾಡಿದವರಿಗೆ ಒಂದು ಕಾಗದ ಬರೆದವರು ಯಾರೂ ಇರಲಿಲ್ಲ. ನಾನೂ ಬರೆಯಲಿಲ್ಲ. ಓದುಗರಿಗೆ ಪತ್ರ ಬರೆಯಿರಿ ಎಂದು ತಿಂಗಳು ತಿಂಗಳು ಗೋಗರೆಯುವ ಸಂಪಾದಕ, ಅಂಚೆ ಕಚೇರಿಯ ಪಕ್ಕದಲ್ಲೇ ಮನೆ ಇದ್ದವನು, ಬರೆಯಲಿಲ್ಲ. ಹಾಗಾಗಿ ಆ ಕಾರೂ ಒಮ್ಮೆಯೂ ರೀಕಾಲ್ ಆಗಲಿಲ್ಲ. ನಿಮ್ಮ ತಂದೆಯವರ ಅಂಬಾಸಿಡರ್‌ನಲ್ಲಿ ಹಗ್ಗ ಕಟ್ಟಿದ್ದು ಏನಾದರೂ ಇತ್ತೇ? ಸ್ವಲ್ಪ ನೆನಪು ಮಾಡಿಕೊಳ್ಳಿ.

ಬಾಯಲ್ಲಿ ಹೇಳಿದ ದೂರು ಗಾಳಿಗೆ ಹೋಗುತ್ತದೆ. ಇದಕ್ಕೆ ಅಮೆರಿಕದ್ದೇ ಒಂದು ಘೋರ ಉದಾಹರಣೆ ಇದೆ. 2009ರ ಆಗಸ್ಟ್ 28. ಸ್ಯಾನ್ ಡಿಯಾಗೊ ಹತ್ತಿರ ಒಬ್ಬ ಹೆದ್ದಾರಿ ಪೊಲೀಸ್ ಅಧಿಕಾರಿ ತನ್ನ ಕಾರನ್ನು ರಿಪೇರಿಗೆ ಬಿಟ್ಟು, ಡೀಲರ್ ಕೊಟ್ಟ ಬದಲಿ ಲೆಕ್ಸಸ್ ಸೆಡಾನ್‌ನಲ್ಲಿ ಮನೆಯವರನ್ನು ಕೂರಿಸಿಕೊಂಡು ಹೊರಟ. ಆ ಸೆಡಾನ್‌ಗೆ ಹಾಸಿದ್ದ ರಬ್ಬರ್ ಮ್ಯಾಟು ಅದರದ್ದಾಗಿರಲಿಲ್ಲ. ಲೆಕ್ಸಸ್‌ನದೇ ಎಸ್‌ಯುವಿಯದು, ಅಳತೆಯಲ್ಲಿ ದೊಡ್ಡದು. ಅದರ ಅಂಚಿಗೆ ಆಕ್ಸಿಲರೇಟರ್ ಸಿಕ್ಕಿಕೊಂಡಿತು. ನಾಲ್ವರೂ ಸತ್ತರು. ಆಮೇಲೆ ತನಿಖೆಯಲ್ಲಿ ಹೊರಬಿದ್ದ ಸಂಗತಿ ನನ್ನ ನಿದ್ದೆ ಕೆಡಿಸಿತ್ತು. ಕೆಲವೇ ದಿನ ಮೊದಲು ಅದೇ ಕಾರನ್ನು ಇನ್ನೊಬ್ಬ ಗಿರಾಕಿಗೆ ಕೊಟ್ಟಿದ್ದರು. ಅವನಿಗೂ ಪೆಡಲ್ ಹಾಗೆಯೇ ಸಿಕ್ಕಿಕೊಂಡಿತ್ತು. ಹೇಗೋ ಬಿಡಿಸಿಕೊಂಡು, ಕಾರು ವಾಪಸು ಕೊಡುವಾಗ ಮುಂದೆ ಕೂತಿದ್ದ ರಿಸೆಪ್ಷನ್‌ನವರಿಗೆ ವಿಷಯ ಹೇಳಿ ಹೋಗಿದ್ದ. ಆ ಮಾತು ಕೌಂಟರಿನಿಂದ ಆಚೆ ದಾಟಲಿಲ್ಲ.

ಲೆಕ್ಸಸ್ ಮಾಡುವ ಟೊಯೊಟಾ ಆಮೇಲೆ ಲಕ್ಷಗಟ್ಟಲೆ ಗಾಡಿ ವಾಪಸು ಕರೆಯಿತು. ಜನರಿಗೆ ಸರಿಯಾದ ಮಾಹಿತಿ ಕೊಡಲಿಲ್ಲ ಎಂಬ ಆರೋಪಕ್ಕೆ 2014ರಲ್ಲಿ 120 ಕೋಟಿ ಡಾಲರ್ ತೆತ್ತಿತು.

ಬರೆದರೆ ಮಾತ್ರ ಸಾಕೇ? ಅದೂ ಇಲ್ಲ, ಒಪ್ಪುತ್ತೇನೆ. ನಿಮ್ಮ ಮಗನ ಊರಿನದೇ ಕಥೆ ಇದು. ಫೋರ್ಡ್ ಎಕ್ಸ್‌ಪ್ಲೋರರ್ ಎಂಬ ಎಸ್‌ಯುವಿಗೆ ಹಾಕುತ್ತಿದ್ದ ಫೈರ್‌ಸ್ಟೋನ್ ಟೈರುಗಳ ಮೇಲ್ಪದರ ಓಡುವಾಗಲೇ ಕಿತ್ತು, ಗಾಡಿ ಮಗುಚುತ್ತಿತ್ತು. 1998ರಲ್ಲೇ ವಿಮಾ ಕಂಪನಿಯ ನೌಕರನೊಬ್ಬ ಇಂಥ 21 ಪ್ರಕರಣ ಒಟ್ಟುಹಾಕಿ ಸುರಕ್ಷತಾ ಸಂಸ್ಥೆಗೆ ಬರೆದಿದ್ದ. ಅದು ಯಾವುದೋ ಕಡತದಲ್ಲಿ ಮಲಗಿತು. ಸೌದಿ ಅರೇಬಿಯಾದಂಥ ಹೊರದೇಶಗಳಲ್ಲಿ ಫೋರ್ಡ್ ಟೈರು ಬದಲಿಸಿಕೊಡಲು ಶುರುಮಾಡಿತು, ತನ್ನ ದೇಶದ ಸಂಸ್ಥೆಗೆ ಮಾತ್ರ ಹೇಳಲಿಲ್ಲ. 2000ದ ಫೆಬ್ರುವರಿಯಲ್ಲಿ ಹ್ಯೂಸ್ಟನ್‌ನ ಒಂದು ಟಿವಿ ಚಾನೆಲ್ ಈ ಸುದ್ದಿ ಮಾಡಿತು ನೋಡಿ, ಆಮೇಲೆ ದೂರುಗಳ ಮಳೆ. ಅಲ್ಲಿಯವರೆಗೆ ಪ್ರತಿಯೊಬ್ಬರೂ ‘ನನ್ನ ಟೈರು, ನನ್ನ ಹಣೆಬರಹ’ ಅಂದುಕೊಂಡಿದ್ದರು. ಆಗಸ್ಟ್‌ನಲ್ಲಿ 65 ಲಕ್ಷ ಟೈರುಗಳ ರೀಕಾಲ್. ಹೊರದೇಶದಲ್ಲಿ ವಾಪಸು ಕರೆದರೂ ನಮಗೆ ತಿಳಿಸಲೇಬೇಕು ಎಂಬ ಕಾನೂನು ಆ ವರ್ಷವೇ ಬಂತು. ಎಲ್ಲ ಲೆಕ್ಕ ಹಾಕಿ ಮುಗಿಯುವ ಹೊತ್ತಿಗೆ ಅಮೆರಿಕದಲ್ಲಿ ಸತ್ತವರು ಇನ್ನೂರಕ್ಕೂ ಹೆಚ್ಚು ಎಂದು ತಿಳಿಯಿತು.

ಇನ್ನು ನಿಮ್ಮ ಸಿಟ್ಟಿನ ಅರ್ಧ ಪಾಲು ಆ ಸೆಕೆಂಡ್ ಹ್ಯಾಂಡ್ ವ್ಯಾಪಾರಿಯ ಮೇಲಿದೆ. ರೀಕಾಲ್ ಬಾಕಿ ಇರುವ ಗಾಡಿಯನ್ನು ಹೇಗೆ ಮಾರಿದ ಎಂದು ಕೇಳಿದ್ದೀರಿ. ಇಲ್ಲಿ ನಾನು ಪೂರಾ ನಿಮ್ಮ ಕಡೆ. ಆದರೆ ಅವನು ಅಲ್ಲಿನ ಕೇಂದ್ರ ಕಾನೂನು ಮುರಿದಿಲ್ಲ! ಹೊಸ ಗಾಡಿಯಾದರೆ ರೀಕಾಲ್ ಸರಿಪಡಿಸದೆ ಮಾರುವಂತಿಲ್ಲ. ದೊಡ್ಡ ಬಾಡಿಗೆ ಕಾರು ಕಂಪನಿಗಳೂ 2016ರಿಂದ ಅಂಥ ಗಾಡಿ ಬಾಡಿಗೆಗೆ ಕೊಡುವಂತಿಲ್ಲ. ಅದಕ್ಕೂ 2004ರಲ್ಲಿ ಇಬ್ಬರು ಅಕ್ಕತಂಗಿಯರು ರೀಕಾಲ್ ಬಾಕಿಯಿದ್ದ ಬಾಡಿಗೆ ಕಾರಿನಲ್ಲಿ ಸಾಯಬೇಕಾಯಿತು, ಅವರ ತಾಯಿ ವರ್ಷಗಟ್ಟಲೆ ಹೋರಾಡಬೇಕಾಯಿತು. ಹಳೇ ಗಾಡಿ ಮಾರುವವನಿಗೆ ಮಾತ್ರ ಅಂಥ ಕಟ್ಟು ಇಲ್ಲ. ಹೊಳಪು ಬರುವ ಹಾಗೆ ಪಾಲಿಶ್ ಹೊಡೆದು, ಸೀಟಿಗೆ ಸೆಂಟು ಹಾಕಿ, ಬ್ರೇಕಿನ ವಿಷಯ ಎತ್ತದೆ ಕೀಲಿ ಕೈಗಿಡಬಹುದು.

ಮತ್ತೆ, ರೀಕಾಲ್ ಪತ್ರ ಯಾರಿಗೆ ಹೋಗುತ್ತದೆ? ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರಿಗೆ. 2022ರಲ್ಲಿ ಆ ಲಕೋಟೆ ಹಿಂದಿನ ಮಾಲೀಕನ ಮನೆಗೆ ಹೋಗಿರುತ್ತದೆ. ಅವನು ನೋಡಿ ಏನು ಮಾಡಿದನೋ ದೇವರಿಗೇ ಗೊತ್ತು. ಐಷಾರಾಮಿ ಗಾಡಿಯ ಮೊದಲ ಮಾಲೀಕ ಶೋರೂಮಿನಲ್ಲೇ ಸರ್ವಿಸ್ ಮಾಡಿಸುತ್ತಾನೆ, ಅಲ್ಲಿ ಸಿಕ್ಕಿಬೀಳುತ್ತದೆ. ಮೂರನೆಯವನು ಬೀದಿ ಗ್ಯಾರೇಜಿಗೆ ಹೋಗುತ್ತಾನೆ. ಗಾಡಿ ಹಳತಾದಷ್ಟೂ ತುಕ್ಕು ಜಾಸ್ತಿ, ಹೇಳುವವರು ಕಡಿಮೆ. 2000ದಿಂದ 2006ರ ನಡುವಿನ ಸುಮಾರು 90,000 ಬಿಎಂಡಬ್ಲ್ಯುಗಳನ್ನು ಓಡಿಸಲೇಬೇಡಿ ಎಂದು ಅಮೆರಿಕದಲ್ಲಿ ಬೊಬ್ಬೆ ಹೊಡೆಯಬೇಕಾಗಿ ಬಂದದ್ದು 2023ರಲ್ಲಿ. ಅವುಗಳಲ್ಲಿ ಎಕ್ಸ್5 ಎಸ್‌ಯುವಿಯೂ ಇತ್ತು. ತಕಾಟಾ ಕಂಪನಿಯ ಏರ್‌ಬ್ಯಾಗು, ವರ್ಷಗಟ್ಟಲೆ ಸೆಕೆ ಮತ್ತು ತೇವ ಕುಡಿದ ಮದ್ದು, ಉಬ್ಬುವ ಬದಲು ಸಿಡಿದು ಲೋಹದ ಚೂರು ಎಸೆಯುವುದು. ಅಲ್ಲಿ ಮೊದಲು ಫ್ಲಾರಿಡಾದಂಥ ಸೆಕೆಯ ಊರಿನ ಗಾಡಿಗಳಿಗೆ ಆದ್ಯತೆ ಕೊಟ್ಟರು. ನಮ್ಮ ಮಂಗಳೂರು, ಕಾರವಾರಗಳ ಹವೆ ಅದಕ್ಕಿಂತ ಒಣಗಿದ್ದೇನಲ್ಲ. ಅಲ್ಲಿ ಹಳೇ ಕಾರು ಇಟ್ಟುಕೊಂಡವರು ಇದನ್ನು ಓದುತ್ತಿದ್ದರೆ, ಇವತ್ತೇ ಶಾಸಿ ನಂಬರ್ ಹಿಡಿದು ಕಂಪನಿಯವರನ್ನು ಕೇಳಿ.

ನಮ್ಮಲ್ಲಿ ಶಾಸಿ ನಂಬರ್ ಅಂದರೆ ಆರ್‌ಟಿಒ ಮುಂದಿನ ಪೆನ್ಸಿಲ್ ಪ್ರಿಂಟು. ಕಬ್ಬಿಣದ ಮೇಲೆ ಕಾಗದದ ಪಟ್ಟಿ ಒತ್ತಿಹಿಡಿದು, ಪೆನ್ಸಿಲ್ಲನ್ನು ಅಡ್ಡ ಮಲಗಿಸಿ ಉಜ್ಜುತ್ತಾರೆ. 17 ಅಕ್ಷರ ಬೆಳ್ಳಗೆ ಮೂಡುತ್ತವೆ. ಅದನ್ನು ಅರ್ಜಿಗೆ ಅಂಟಿಸಿ ಕೊಟ್ಟರೆ ನಮ್ಮ ಪಾಲಿಗೆ ಆ ನಂಬರಿನ ಕೆಲಸ ಮುಗಿಯಿತು. ಅದೇ 17 ಅಕ್ಷರದಲ್ಲಿ ಗಾಡಿಯ ಜಾತಕವೇ ಇದೆ ಎಂದು ನಾವು ತಿಳಿಯುವುದಿಲ್ಲ. ಅರ್ಜಿ ಹಾಕುವುದೂ ಎಷ್ಟು ಜನ? ಕೊಂಡವರು 30 ದಿನದಲ್ಲಿ ಹೆಸರು ಬದಲಾವಣೆಗೆ ಬರೆದುಕೊಡಬೇಕು ಎಂದು ಮೋಟಾರು ವಾಹನ ಕಾಯ್ದೆಯಲ್ಲಿದೆ. ನನ್ನ ಪಕ್ಕದ ಮನೆಯವರು ಆರು ವರ್ಷದಿಂದ ಓಡಿಸುತ್ತಿರುವ ಗಾಡಿ ಇನ್ನೂ ಹುಬ್ಬಳ್ಳಿಯ ಯಾರೋ ಡಾಕ್ಟರ ಹೆಸರಲ್ಲಿದೆ. ರೀಕಾಲ್ ಪತ್ರ ಬಂದರೆ ಡಾಕ್ಟರು ಓದಿ ಪಕ್ಕಕ್ಕಿಡುತ್ತಾರೆ.

ನಮ್ಮ ಕಾನೂನೂ ತಡವಾಗಿ ಎದ್ದಿತು. 2012ರಲ್ಲಿ ಕಂಪನಿಗಳ ಸಂಘ ತಾನಾಗಿ ಒಂದು ನಿಯಮ ಮಾಡಿಕೊಂಡಿತು. ಸರ್ಕಾರವೇ ‘ವಾಪಸು ಕರೆ’ ಎಂದು ಹೇಳುವ ಅಧಿಕಾರ 2019ರ ತಿದ್ದುಪಡಿಯಲ್ಲಿ ಬಂತು, ನಿಯಮ ಜಾರಿಯಾದದ್ದು 2021ರ ಏಪ್ರಿಲ್‌ನಲ್ಲಿ. 10 ಲಕ್ಷದಿಂದ ಒಂದು ಕೋಟಿವರೆಗೆ ದಂಡ. ಇಂತಿಷ್ಟು ಗಾಡಿ ಮಾರಾಟವಾಗಿದ್ದರೆ ಇಂತಿಷ್ಟು ದೂರು ಬರಬೇಕು ಎಂಬ ಲೆಕ್ಕವೂ ಇದೆ. ಅಂದರೆ ಹಗ್ಗ ಕಟ್ಟಿಕೊಂಡು ಸುಮ್ಮನಿದ್ದರೆ ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು ವಿಷಯ ನೋಡಿ ನನಗೆ ಮೈಯುರಿಯುತ್ತದೆ. ಆ ನಿಯಮ ಏಳು ವರ್ಷ ತುಂಬದ ಗಾಡಿಗಳಿಗೆ ಮಾತ್ರ. ಬೆಂಗಳೂರಿನಲ್ಲಿ ಹತ್ತು ವರ್ಷದ ಜರ್ಮನ್ ಎಸ್‌ಯುವಿಯನ್ನು ಹೊಸ ಮಾರುತಿಯ ಬೆಲೆಗೆ ಕೊಂಡು ಬೀಗುವ ಹುಡುಗರಿಗೆ ಇದನ್ನು ಯಾರು ಹೇಳುತ್ತಾರೆ? ಕಬ್ಬಿಣಕ್ಕೆ ಏಳು ವರ್ಷದ ಮೇಲಲ್ಲವೇ ಕಷ್ಟ ಶುರುವಾಗುವುದು? ಅಮೆರಿಕದಲ್ಲಿ ಆ ಮಿತಿ 15 ವರ್ಷ. ನಿಮ್ಮ ಮಗನ ಗಾಡಿ ಕೊಂಡಾಗ ಬಾಕಿ ಇದ್ದ ರೀಕಾಲ್ ಆ ಲೆಕ್ಕದೊಳಗೇ ಬಂದದ್ದು, ಪುಕ್ಕಟೆ ರಿಪೇರಿ ಅವರ ಹಕ್ಕು.

ಆದ್ದರಿಂದ ಮಾರಿಬಿಡು ಎನ್ನಬೇಡಿ. ಈಗ ಮಾರಿದರೆ ಆ ಡಬ್ಬಿಯನ್ನು ಇನ್ಯಾರದೋ ಮಗನ ಕಾಲಿನ ಕೆಳಗೆ ಇಟ್ಟ ಹಾಗೆ. ಡೀಲರಿಗೆ ಫೋನ್ ಮಾಡಿ ಎಳೆದೊಯ್ಯಿಸಲಿ. ರಬ್ಬರ್ ತೋಳು ತೆಗೆದು ನೋಡುತ್ತಾರೆ, ತುಕ್ಕು ಜಾಸ್ತಿ ಇದ್ದರೆ ಬೂಸ್ಟರ್ ಬದಲಿಸುತ್ತಾರೆ. ತೆಗೆಯುವಾಗ ಒಂದು ಫೋಟೊ ಹೊಡೆಯಲು ಹೇಳಿ. ನನಗೂ ಕಳಿಸಿ, ಆ ರಬ್ಬರಿನ ಅಡಿ ಏನಿತ್ತು ಎಂದು ನೋಡುವ ಆಸೆ ಇದೆ.

ಕೊನೆಗೆ, ದೂರು ಹೇಳುವುದು ಅಮೆರಿಕದವರ ಕಸುಬು ಎಂದವರು ನೀವೇ. ಅದೇ ಪತ್ರದ ನಾಲ್ಕನೇ ಪುಟದ ಮೂಲೆಯಲ್ಲಿ, ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದು, ನಮ್ಮ ಹೋದ ಸಂಚಿಕೆಯ ತಪ್ಪೊಂದನ್ನು ಹಿಡಿದುಕೊಟ್ಟಿದ್ದೀರಿ. ಇಡೀ ಶಿವಮೊಗ್ಗ ಜಿಲ್ಲೆ ಓದಿ ನಕ್ಕಿರಬೇಕು, ಬರೆದವರು ನೀವೊಬ್ಬರೇ.

ತಿದ್ದುಪಡಿ: ಹೋದ ಸಂಚಿಕೆಯ ಪ್ರವಾಸ ಲೇಖನದಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಗಾ ನದಿಗೆ ಕಟ್ಟಿದ್ದು ಎಂದು ಅಚ್ಚಾಗಿತ್ತು. ಶರಾವತಿ ಎಂದು ಓದಿಕೊಳ್ಳಬೇಕು.