ಸ್ಟಾರ್‌ಫ್ಲೀಟ್‌ನಲ್ಲಿ ಎಂಟರ್‌ಪ್ರೈಸ್ ಬಿಟ್ಟು ಸಪೋರ್ಟ್ ಹಡಗಿಗೆ ಯಾರಾದರೂ ಇಷ್ಟಪಟ್ಟು ಹೋಗ್ತಾರಾ?

ಸ್ಟಾರ್ ಟ್ರೆಕ್ ಅನ್ನುವ ಟಿವಿ ಕಥೆಗಳಲ್ಲಿ ಸ್ಟಾರ್‌ಫ್ಲೀಟ್ ಅಂದರೆ ಬಾಹ್ಯಾಕಾಶದ ಪಡೆ, ಎಂಟರ್‌ಪ್ರೈಸ್ ಅದರ ಹೆಸರಾಂತ ಹಡಗು. ಆ ಪಡೆಯಲ್ಲಿ ಇಂಧನ, ಸಾಮಾನು, ರೋಗಿಗಳನ್ನು ಹೊರುವ ಹಡಗಿಗೆ ಹಾಕಿದರೆ ಅದು ಶಿಕ್ಷೆ ಕೊಟ್ಟ ಹಾಗಲ್ವಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ನನ್ನನ್ನು ಕೇಳಿದರೆ ಮೊದಲ ಆಯ್ಕೆಯೇ ಇಂಧನದ ಹಡಗು.

ನಾನು ಶಿವಮೊಗ್ಗ ಜಿಲ್ಲೆಯ ಸಾಗರ ಊರಿನವನು. ಅಜ್ಜಿ ಮನೆ ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆ. 2025ರ ಜುಲೈನಲ್ಲಿ ಸೇತುವೆ ಶುರುವಾಗುವ ತನಕ ಅಂಬಾರಗೋಡ್ಲಿನಲ್ಲಿ ಲಾಂಚ್, ಅಂದರೆ ಜನರನ್ನೂ ವಾಹನಗಳನ್ನೂ ದಾಟಿಸುವ ದೋಣಿ, ಹತ್ತಿಯೇ ಹೋಗುತ್ತಿದ್ದೆವು. ಅದರ ಸಿಬ್ಬಂದಿ ಬಸ್ಸು ಎಲ್ಲಿ ನಿಲ್ಲಬೇಕು, ಜೀಪು ಎಲ್ಲಿ, ಬೈಕುಗಳನ್ನು ಎಲ್ಲಿ ತುರುಕಬೇಕು ಅಂತ ಕೈಸನ್ನೆಯಲ್ಲೇ ತೋರಿಸೋರು. ಭಾರ ಒಂದು ಕಡೆಗೆ ವಾಲಬಾರದು ನೋಡಿ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ವಾಹನ ಹತ್ತಿಸೋದೇ ಬಂದ್. ಸಂಜೆ ಕೊನೆಯ ಲಾಂಚ್ ಹೋದಮೇಲೆ ಯಾರಿಗಾದರೂ ಹುಷಾರು ತಪ್ಪಿದರೆ ಇಡೀ ಊರಿಗೆ ಆತಂಕ. ಅಲ್ಲಿನವರನ್ನು ಕೇಳಿ ನೋಡಿ, ಆ ಲಾಂಚ್‌ನವರ ಕೆಲಸ ಸಣ್ಣದು ಅಂತ ಒಬ್ಬರೂ ಹೇಳಲ್ಲ.

ಕಥೆಗಳಲ್ಲಿ ಇಂಧನ ತುಂಬಿಸೋದನ್ನು ಒಂದೇ ಮಾತಿನಲ್ಲಿ ಮುಗಿಸಿಬಿಡ್ತಾರೆ. ನಿಜವಾದ ಬಾಹ್ಯಾಕಾಶದಲ್ಲಿ ಅದು ಎಂಥ ಕೆಲಸ ಗೊತ್ತಾ? 1978ರಲ್ಲಿ ಸೋವಿಯತ್ ಒಕ್ಕೂಟದ ಪ್ರೋಗ್ರೆಸ್-1 ಅನ್ನುವ ಸರಕು ನೌಕೆ ಸಲ್ಯೂತ್-6 ಬಾಹ್ಯಾಕಾಶ ನಿಲ್ದಾಣಕ್ಕೆ ಇಂಧನ ತುಂಬಿಸಿತು. ಅಲ್ಲಿ ಭಾರವೇ ಇಲ್ಲದ ಸ್ಥಿತಿ. ಇಂಧನ ಟ್ಯಾಂಕಿನ ತಳದಲ್ಲಿ ನಿಲ್ಲಲ್ಲ, ಅನಿಲದ ಜೊತೆ ಎಲ್ಲೆಂದರಲ್ಲಿ ತೇಲುತ್ತೆ. ಸುಮ್ನೆ ಪಂಪ್ ಹಾಕಿದರೆ ಗುಳ್ಳೆಗಳೂ ಬರುತ್ತವೆ. ಅದಕ್ಕೇ ಇಂಧನಕ್ಕೂ ಅನಿಲಕ್ಕೂ ನಡುವೆ ಒಂದು ಪೊರೆ ಇಟ್ಟು, ಒಂದು ಕಡೆಯಿಂದ ನೈಟ್ರೋಜನ್ ಒತ್ತಡ ಕೊಟ್ಟು ಇನ್ನೊಂದು ಕಡೆಯಿಂದ ಇಂಧನವನ್ನು ತಳ್ಳುತ್ತಾರೆ. ತುಂಬಿಸುವ ಮೊದಲು ನಿಲ್ದಾಣದ ಟ್ಯಾಂಕಿನ ನೈಟ್ರೋಜನ್ ಅನ್ನು ಕಂಪ್ರೆಸರ್ ಹಾಕಿ ವಾಪಸ್ ಎಳೆದುಕೊಳ್ಳಬೇಕು, ಇಲ್ಲದಿದ್ದರೆ ಹೊಸ ಇಂಧನ ಒಳಗೆ ಹೋಗಲ್ಲ. ಕೆಲಸ ಮುಗಿದಮೇಲೆ ಪೈಪಿನಲ್ಲಿ ಉಳಿದದ್ದನ್ನೂ ಹೊರಗೆ ಬಿಟ್ಟು ಖಾಲಿ ಮಾಡಬೇಕು, ಯಾಕಂದ್ರೆ ಅದು ವಿಷ. ಎಲ್ಲ ಆದಮೇಲೆ ನಿಲ್ದಾಣದ ಕಸ ತುಂಬಿಕೊಂಡು ಆ ನೌಕೆ ವಾತಾವರಣದಲ್ಲಿ ಉರಿದುಹೋಗುತ್ತೆ. ಪ್ರೋಗ್ರೆಸ್ ನೌಕೆಗಳು ಇವತ್ತಿಗೂ ಇದೇ ಕೆಲಸ ಮಾಡ್ತಿವೆ. ನನಗೆ ಅವುಗಳ ಮೇಲೆ ತುಂಬಾ ಗೌರವ.

ಸಮುದ್ರದಲ್ಲೂ ಇಂಧನ ತುಂಬಿಸೋದು ಸುಲಭ ಅಲ್ಲ. ನಮ್ಮ ನೌಕಾಪಡೆಯ ಐಎನ್‌ಎಸ್ ದೀಪಕ್, ಐಎನ್‌ಎಸ್ ಶಕ್ತಿ ಇಂಧನ ಕೊಡುವಾಗ ಎರಡೂ ಹಡಗು ಪಕ್ಕಪಕ್ಕದಲ್ಲಿ ಒಂದೇ ವೇಗದಲ್ಲಿ ಓಡುತ್ತಿರಬೇಕು, ನಡುವೆ ಪೈಪ್ ತೂಗುತ್ತಿರುತ್ತೆ. ಮಧ್ಯೆ ನುಗ್ಗುವ ನೀರು ಎರಡನ್ನೂ ಹತ್ತಿರಕ್ಕೆ ಸೆಳೆಯುತ್ತೆ. ಚುಕ್ಕಾಣಿ ಹಿಡಿದವರು ಒಂದು ಕ್ಷಣ ಮೈಮರೆತರೂ ಕಷ್ಟ.

ಸ್ಟಾರ್ ಟ್ರೆಕ್‌ನವರಿಗೂ ಇದು ಗೊತ್ತಿತ್ತು ಅಂತ ಕಾಣುತ್ತೆ. 2020ರಲ್ಲಿ ಬಂದ ಲೋವರ್ ಡೆಕ್ಸ್ ಅನ್ನುವ ಸ್ಟಾರ್ ಟ್ರೆಕ್ ಸರಣಿ ಪೂರ್ತಿ ಸೆರಿಟೋಸ್ ಅನ್ನುವ ಸಪೋರ್ಟ್ ಹಡಗಿನ ಕಥೆ. ದೊಡ್ಡ ಹಡಗು ಹೊಸ ಲೋಕವನ್ನು ಮೊದಲು ಭೇಟಿ ಮಾಡಿ ಹೆಸರು ತಗೊಂಡು ಹೋಗುತ್ತೆ. ಆಮೇಲೆ ಹೋಗಿ ಸಂಪರ್ಕ ಜೋಡಿಸಿ, ಕಾಗದಪತ್ರ ನೋಡಿ, ಆ ಜನರ ಜೊತೆ ನಿಜವಾಗಿ ಮಾತಾಡೋದು ಸೆರಿಟೋಸ್. ನನಗೆ ಆ ಎರಡನೇ ಭೇಟಿಯೇ ಜಾಸ್ತಿ ಇಷ್ಟ. ಮೊದಲ ದಿನ ಎಲ್ಲರೂ ಚೆನ್ನಾಗೇ ಇರ್ತಾರೆ, ಅಲ್ವಾ? ಅವರ ಕಷ್ಟಸುಖ ಗೊತ್ತಾಗೋದು ಆಮೇಲೆ.

ಒಂದು ಮಾತು ಒಪ್ಪುತ್ತೇನೆ. ಅಪಾಯ ಕಡಿಮೆ ಅಂದುಕೊಂಡು ಈ ಹಡಗಿಗೆ ಹೋಗಬೇಡಿ. ನೆಕ್ಸ್ಟ್ ಜನರೇಷನ್ ಅನ್ನುವ ಇನ್ನೊಂದು ಸ್ಟಾರ್ ಟ್ರೆಕ್ ಸರಣಿಯ 1994ರ ಕೊನೆಯ ಕಂತಿನಲ್ಲಿ ಬರುವ ಪಾಶ್ಚರ್ ಆಸ್ಪತ್ರೆ ಹಡಗು ಕ್ಲಿಂಗಾನ್ ಅನ್ನುವ ಯುದ್ಧಪ್ರಿಯ ಅನ್ಯಲೋಕದವರ ದಾಳಿಗೆ ಸಿಕ್ಕಿ ನಾಶವಾಗುತ್ತೆ. ಹೊಡೆದಾಡೋಕೆ ಕಟ್ಟಿದ ಹಡಗಲ್ಲ ಅದು.

ಜನರ ಜೊತೆ ಒಡನಾಟ ಬೇಕು ಅಂದರೆ ಸೆರಿಟೋಸ್‌ನಂಥದ್ದು ಕೇಳಿ. ಯಂತ್ರ, ವಾಲ್ವ್, ಒತ್ತಡದ ಮೀಟರ್ ಇಷ್ಟ ಇದ್ದರೆ ಟ್ಯಾಂಕರ್‌ಗೆ ಬನ್ನಿ, ಪೈಪ್ ಜೋಡಿಸೋಕೆ ಯಾವಾಗಲೂ ಇಬ್ಬರು ಬೇಕು.